ಕಂಬಳಿ ಹೊದ್ದ ಸ್ಪೀಕರ್‌ಗಳು

ನನಗೆ ಮೋಸ ಮಾಡುವ ಅಂಗಡಿಯವನು ಚಿತ್ರದುರ್ಗ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ನಾನು ನಂಬುತ್ತಿದ್ದದ್ದು ಇದೊಂದನ್ನೇ. ಮಿಕ್ಕ ಎಲ್ಲದರ ಮೇಲೂ ಅನುಮಾನ! ಬಸ್ಸಿನ ಬೋರ್ಡಿನಲ್ಲಿ ಹೊಳಲ್ಕೆರೆ ಎಂದು ಬರೆದಿದ್ದರೂ ಕಂಡಕ್ಟರನ್ನು ಕೇಳುತ್ತೇನೆ, ಆಮೇಲೆ ಡ್ರೈವರನ್ನೂ ಕೇಳುತ್ತೇನೆ. ಇಬ್ಬರೂ ಒಂದೇ ಉತ್ತರ ಕೊಟ್ಟರೆ ಮೊದಲೇ ಮಾತಾಡಿಕೊಂಡಿದ್ದಾರೇನೋ ಎನ್ನಿಸುತ್ತದೆ. ತೆಂಗಿನಕಾಯಿ ಕೊಳ್ಳುವಾಗಲಂತೂ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು, ಕುಟ್ಟಿ, ಅಲ್ಲಾಡಿಸಿ, ಕಣ್ಣು ಮುಚ್ಚಿ ಕೇಳುತ್ತೇನೆ. ಹೊಸದುರ್ಗದ ಸಂತೆಯಲ್ಲಿ ಕಾಯಿ ಮಾರುವವರು ನಾನು ಬರುವುದನ್ನು ಕಂಡರೆ ರಾಶಿಯ ಮೇಲೆ ಗೋಣಿಚೀಲ ಎಳೆಯುತ್ತಾರೆ.

ಇಂಥ ಚುರುಕು ಕಿವಿಯ ಮನುಷ್ಯ ಸ್ಪೀಕರ್ ಆರಿಸಲು ಹೊರಟರೆ ಎಡವಟ್ಟಾಗುವುದಾದರೂ ಹೇಗೆ?

ನಮ್ಮ ಮನೆಯ ಹಾಲ್‌ನಲ್ಲಿ ಹಾಡು ಕೇಳಲು ಒಳ್ಳೆಯ ಆಂಪ್ಲಿಫೈಯರ್ ಇದೆ. ಆದರೆ ಸ್ಪೀಕರ್‌ಗಳು ನಮ್ಮ ಮಾವನವರ ಕಾಲದವು. ಅವರು ಹೊಸದುರ್ಗದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ನಮ್ಮ ಮದುವೆಗೆಂದು ಬೇವಿನ ಹಲಗೆ ಕೊಯ್ಸಿ, ತಾವೇ ಕೂತು ಎರಡು ಪೆಟ್ಟಿಗೆ ಮಾಡಿ, ಒಳಗೆ ಸ್ಪೀಕರ್ ಕೂರಿಸಿ ಕೊಟ್ಟಿದ್ದರು. ಈಗ ಅವರಿಲ್ಲ. ಪೆಟ್ಟಿಗೆಗಳಿವೆ. ಹಾಡಿನಲ್ಲಿ ‘ಸ’ ಅಕ್ಷರ ಬಂದಾಗಲೆಲ್ಲ ನಾಗರಹಾವಿನ ಹಾಗೆ ಬುಸುಗುಡುತ್ತವೆ.

“ಹೊಸವು ಬಂದ್ರೆ ಅಪ್ಪನ ಪೆಟ್ಟಿಗೆ ಏನ್ ಮಾಡ್ತೀರಿ?” ಎಂದಳು ನನ್ನ ಹೆಂಡತಿ ಪುಷ್ಪಾ.

“ಗುಜರಿಗೆ ಹಾಕಾದು. ಹಾಲ್‌ನಾಗೆ ಜಾಗ ಎಲ್ಲೈತೆ?”

“ಅವು ಹಾಡ್ತಿದ್ರೆ ನಂಗೆ ಅಪ್ಪ ಇಲ್ಲೇ ಕುಂತಂಗೆ ಅನ್ನಿಸ್ತೈತೆ. ಗುಜರಿಗೆ ಹಾಕಿದ್ರೆ ನಾನ್ ಸುಮ್ನಿರಲ್ಲ ನೋಡ್ರಿ.”

ಅವಳ ಕಣ್ಣಲ್ಲಿ ನೀರಿತ್ತು. ಆದರೆ ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ಹಾಗಾಗಿ ಆ ನೀರನ್ನು ನಾನು ಪೂರ್ತಿ ನಂಬಲಿಲ್ಲ.

ಮೊದಲು ಚಿತ್ರದುರ್ಗದ ಪೇಟೆಯಲ್ಲೇ ಒಂದು ಅಂಗಡಿಗೆ ಹೋದೆ. ಮಾಲೀಕ ಅಂಗೈಯಗಲದ ಎರಡು ಸ್ಪೀಕರ್ ಹಚ್ಚಿದ. ಅಂಗಡಿಯೇ ನಡುಗುವಂಥ ಸದ್ದು! ಇಷ್ಟು ಸಣ್ಣ ಪೆಟ್ಟಿಗೆಯಿಂದ ಇಷ್ಟು ದೊಡ್ಡ ಸದ್ದೇ? ಹಿಂದೆ ಒಂದು ನೀಲಿ ಪರದೆ ಇತ್ತು. ಅದರ ಹಿಂದೆ ದೊಡ್ಡ ಸ್ಪೀಕರ್ ಬಚ್ಚಿಟ್ಟಿದ್ದಾನೆಂದು ನನಗೆ ಖಚಿತವಾಯಿತು. ಮಾತಿಲ್ಲದೆ ಎದ್ದುಹೋಗಿ ಪರದೆಯನ್ನು ಸರ್ರನೆ ಎಳೆದೆ. ಒಳಗೆ ಮಾಲೀಕನ ತಾಯಿ ಮುದ್ದೆ ಉಣ್ಣುತ್ತಿದ್ದರು.

“ಯಾರಪ್ಪ ನೀನು?” ಎಂದರು ತುತ್ತು ಕೈಯಲ್ಲೇ ಹಿಡಿದು.

“ಗ್ರಾಹಕ” ಎಂದೆ. ಆ ಅಂಗಡಿಯಲ್ಲಿ ನಾನು ಗ್ರಾಹಕನಾಗಿ ಉಳಿದದ್ದು ಆ ಕ್ಷಣದವರೆಗೆ ಮಾತ್ರ.

ಅಂಗಡಿಯವರು ಹಾಕುವ ಹಾಡನ್ನು ನಂಬಲೇಬಾರದು ಎಂಬ ತತ್ವ ನನಗೆ ಹೊಳೆದದ್ದು ವಾಪಸು ಬರುವಾಗ. ಅವರು ತಮ್ಮ ಸ್ಪೀಕರಿಗೆ ಒಗ್ಗುವ ಹಾಡನ್ನೇ ಹಾಕುತ್ತಾರೆ. ನನಗೆ ಚೆನ್ನಾಗಿ ಗೊತ್ತಿರುವ ಸದ್ದು ಬೇಕು. ನನಗೆ ಪ್ರಪಂಚದಲ್ಲಿ ಅತ್ಯಂತ ಚೆನ್ನಾಗಿ ಗೊತ್ತಿರುವ ಸದ್ದು ಯಾವುದು? ಪುಷ್ಪಾಳಿಗೆ ತಿಳಿಯದ ಹಾಗೆ ಅಡುಗೆಮನೆಯ ಬಾಗಿಲಲ್ಲಿ ಫೋನ್ ಹಿಡಿದು ನಿಂತು ರೆಕಾರ್ಡ್ ಮಾಡಿಕೊಂಡೆ.

ಹಿರಿಯೂರಿನ ಅಂಗಡಿಯ ಮಾಲೀಕನ ಹೆಸರು ರುದ್ರೇಶ. ಬಲು ಸಾಧು. ನಾನು ಅವನ ಸ್ಪೀಕರನ್ನು ತೆಂಗಿನಕಾಯಿಯ ಹಾಗೆ ಕುಟ್ಟಿ ನೋಡಿದರೂ ಸುಮ್ಮನಿದ್ದ. ಭಾರವಾಗಿದೆಯಲ್ಲ, ಒಳಗೆ ಕಲ್ಲು ತುಂಬಿದ್ದೀರಾ ಎಂದು ಕೇಳಿದರೂ ನಕ್ಕ. ಕೊನೆಗೆ ನನ್ನ ರೆಕಾರ್ಡಿಂಗ್ ಹಚ್ಚಿಸಿದೆ. ಮೊದಲು ಕುಕ್ಕರ್ ಸೀಟಿ. ಅದರ ಹಿಂದೆಯೇ ಇಡೀ ಅಂಗಡಿ ತುಂಬುವಂತೆ ಪುಷ್ಪಾಳ ದನಿ:

“ರೀ! ಹಾಲು ಉಕ್ತೈತೆ! ಎಲ್ಲಿ ಹಾಳಾಗೋದ್ರಿ?”

ಅಂಗಡಿಯಲ್ಲಿದ್ದ ಗಂಡಸರೆಲ್ಲ ಎದ್ದು ನಿಂತರು! ಬಬ್ಬೂರಿನಿಂದ ಟಿವಿ ಕೊಳ್ಳಲು ಬಂದಿದ್ದ ಒಬ್ಬರು “ಬಂದೆ ಕಣೇ” ಎಂದೇಬಿಟ್ಟರು. ನನ್ನ ಕೈ ತಾನಾಗಿ ಗಾಳಿಯಲ್ಲಿ ಗ್ಯಾಸ್ ಆರಿಸಿತು. ಸ್ಪೀಕರ್ ಎಂದರೆ ಇದು!

“ತಗಂಡೋಗ್ರಿ ಸಾರ್,” ಎಂದ ರುದ್ರೇಶ, ಎದೆ ಒತ್ತಿಕೊಳ್ಳುತ್ತ. “ಮನೇಲಿಟ್ಟು ಕೇಳ್ರಿ. ಬ್ಯಾಡ ಅನ್ನಿಸಿದ್ರೆ ವಾಪಸ್ ತರ್ರಿ. ಆದ್ರೆ ಈ ರೆಕಾರ್ಡ್ ಇನ್ನೊಂದ್ಸಲ ಹಾಕಬ್ಯಾಡ್ರಿ.”

ಇಷ್ಟು ಸುಲಭವಾಗಿ ಕೊಡುತ್ತಾನೆಂದರೆ ಏನೋ ಮಸಲತ್ತು ಇರಬೇಕು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಏನೆಂದು ಹೊಳೆಯಲಿಲ್ಲ. ಹೊಳೆಯದಿದ್ದದ್ದೇ ಹೆಚ್ಚಿನ ಅನುಮಾನಕ್ಕೆ ಕಾರಣವಾಯಿತು.

ಮನೆಯಲ್ಲಿ ಪುಷ್ಪಾ ಹೊಸ ಸ್ಪೀಕರನ್ನು ಕಣ್ಣೆತ್ತಿಯೂ ನೋಡಲಿಲ್ಲ. “ಅಪ್ಪನವೇ ಚೆನ್ನಾಗವೆ” ಎಂದಳು, ಕೇಳುವ ಮೊದಲೇ! ಇದು ಪಕ್ಷಪಾತ. ನಾನು ನಿಷ್ಪಕ್ಷಪಾತವಾದ ಪರೀಕ್ಷೆಯೊಂದನ್ನು ಘೋಷಿಸಿದೆ. ಹಳೆಯವು, ಹೊಸವು ಎರಡನ್ನೂ ಆಂಪ್ಲಿಫೈಯರಿಗೆ ಜೋಡಿಸುವುದು. ಯಾವುದು ಎಂದು ಕಾಣದಂತೆ ಮುಚ್ಚುವುದು. ಪುಷ್ಪಾ ಗುಂಡಿ ತಿರುಗಿಸಿ ಒಮ್ಮೆ ಇದನ್ನು, ಒಮ್ಮೆ ಅದನ್ನು ಹಾಡಿಸುವುದು. ನಾನು ಕೇಳಿ ತೀರ್ಪು ಕೊಡುವುದು. ಗೆದ್ದದ್ದು ಮನೆಯಲ್ಲಿರುತ್ತದೆ, ಸೋತದ್ದು ಹೊರಗೆ.

ಬುಸುಗುಡುವುದು ಹಳೆಯದು ಎಂದು ನನಗೆ ಗೊತ್ತೇ ಇತ್ತಲ್ಲ. ಅದನ್ನು ನಾನು ಹೇಳಲಿಲ್ಲ.

ಆದರೆ ಸೋತ ಮೇಲೆ ಪುಷ್ಪಾ ಮಾತು ತಪ್ಪಿದರೆ? ಅತ್ತು ರಂಪ ಮಾಡಿದರೆ? ಅದಕ್ಕೂ ಒಂದು ಉಪಾಯ ಮಾಡಿದೆ. ಅವಳ ಸೋದರಮಾವ ಸಿದ್ದಪ್ಪ ಬಾಗೂರಿನ ಕಡೆಯವರು. ಕುರಿ ಸಾಕುವ ಹಿರಿಯರು. ಅವರ ಮನೆತನದಲ್ಲಿ ನ್ಯಾಯ ಪಂಚಾಯಿತಿಯೆಲ್ಲ ಕಂಬಳಿ ಗದ್ದುಗೆ ಹಾಸಿಯೇ ನಡೆಯುವುದು. ಕಂಬಳಿ ಮೇಲೆ ಕೂತು ಆಡಿದ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಫೋನ್ ಮಾಡಿ, “ಕಂಬಳಿ ತಗಂಡು ಬರ್ರಿ, ಜಾಸ್ತೀನೇ ತರ್ರಿ. ಒಂದು ಕುಂತ್ಕಳಾಕೆ, ಉಳಿದವು ಸ್ಪೀಕರ್ ಮುಚ್ಚಾಕೆ” ಎಂದೆ.

ಸಿದ್ದಪ್ಪ ಭಾನುವಾರ ಕರಿ ಕಂಬಳಿಗಳ ಗಂಟು ಹೊತ್ತು ಬಂದರು. ಹಾಲ್‌ನ ನಡುವೆ ಒಂದನ್ನು ಹಾಸಿ, ಕೈ ಮುಗಿದು, “ಕುಂತ್ಕಳ್ರಿ ಇಬ್ರೂ. ಏನ್ ಮಾತು ಹೇಳ್ರಿ” ಎಂದರು.

“ಯಾವ್ದು ಸೋಲ್ತೈತೋ ಅದು ಇವತ್ತೇ ಮನೆ ಬಿಟ್ಟು ಹೋಗ್ಬೇಕು” ಎಂದೆ ಗಟ್ಟಿಯಾಗಿ.

ಪುಷ್ಪಾ ತುಂಬ ಹೊತ್ತು ಹಳೆಯ ಪೆಟ್ಟಿಗೆಗಳನ್ನೇ ನೋಡಿದಳು. “ಆಗ್ಲಿ” ಎಂದಳು. ಈ ಸಲ ಹತ್ತಿರದಲ್ಲೆಲ್ಲೂ ಈರುಳ್ಳಿ ಇರಲಿಲ್ಲ. ಆದರೆ ನ್ಯಾಯ ನ್ಯಾಯವೇ.

ನನ್ನನ್ನು ಹೊರಗೆ ಕಳಿಸಿ ಎಲ್ಲವನ್ನೂ ಮುಚ್ಚಿದರು. ಒಳಗೆ ಬಂದೆ. ಪುಷ್ಪಾಳ ಮುಖ ನೋಡಿದರೆ ಗುಟ್ಟು ತಿಳಿಯಿತೆಂದು ಆಮೇಲೆ ತಕರಾರು ಬರಬಾರದಲ್ಲ? ಅದಕ್ಕೇ ಸ್ಪೀಕರಿಗೆ ಬೆನ್ನು ಮಾಡಿ, ಬೀದಿ ಬಾಗಿಲ ಕಡೆ ಮುಖ ಹಾಕಿ, ಕಂಬಳಿ ಮೇಲೆ ಚಕ್ಕಳಮಕ್ಕಳ ಕೂತು ಕಣ್ಣು ಮುಚ್ಚಿದೆ. ಎದುರುಮನೆ ರತ್ನಮ್ಮ ಬಾಗಿಲಲ್ಲಿ ನಿಂತು, “ಏನ್ ಪುಷ್ಪಾ, ಯಜಮಾನ್ರಿಗೆ ಮೈಮೇಲೆ ಬರ್ತೈತಾ?” ಎಂದು ಕೇಳಿದ್ದು ಕೇಳಿಸಿತು. ನಾನು ಕಣ್ಣು ತೆರೆಯಲಿಲ್ಲ.

ಮೊದಲನೆಯದು ಹಾಡಿತು. ಆಹಾ! ಮೆತ್ತಗೆ, ತುಂಬಿಕೊಂಡು, ಬೆಣ್ಣೆಯಂಥ ದನಿ. ಬುಸುಗುಟ್ಟುವಿಕೆ ಎಳ್ಳಷ್ಟೂ ಇಲ್ಲ. ಎರಡನೆಯದು ಹಾಡಿತು. ಮೂಗು ಕಟ್ಟಿದವನು ಹಾಡಿದ ಹಾಗಿತ್ತು. ಮತ್ತೆ ಮೊದಲನೆಯದು, ಮತ್ತೆ ಎರಡನೆಯದು. ಆಮೇಲೆ ನನ್ನ ಪ್ರಸಿದ್ಧ ರೆಕಾರ್ಡಿಂಗ್ ಹಾಕಲು ಹೇಳಿದೆ. ತಕ್ಷಣವೇ ಬಂತು:

“ರೀ! ಹಾಲು ಉಕ್ತೈತೆ!”

ನಾನು ತಲೆ ಆಡಿಸಿದೆ. “ದನಿ ಕರ್ಕಶ. ಕಿವಿಗೆ ಚುಚ್ತೈತೆ. ಇದು ಆ ಹಳೇ ಪೆಟ್ಟಿಗೇದೇ, ಸಂಶಯಾನೇ ಇಲ್ಲ.”

“ಪೆಟ್ಟಿಗೆ ಅಲ್ರೀ, ನಾನು!” ಎಂದು ಕಿರುಚಿ ಪುಷ್ಪಾ ಅಡುಗೆಮನೆಗೆ ಓಡಿದಳು. ಸಿದ್ದಪ್ಪನಿಗೆಂದು ಕಾಯಲು ಇಟ್ಟ ಹಾಲೆಲ್ಲ ಒಲೆಯ ಪಾಲಾಗಿತ್ತು.

ಆದರೂ ತೀರ್ಪು ಕೊಡಲೇಬೇಕಿತ್ತು. ನ್ಯಾಯಾಧೀಶರ ಹಾಗೆ ಕೆಮ್ಮಿದೆ. “ಮೊದಲನೇದು ಗೆದ್ದೈತೆ. ಅದೇ ಹೊಸಾದು. ಪುಷ್ಪಾ, ಬೇಜಾರು ಮಾಡ್ಕಬ್ಯಾಡ. ಇದಕ್ಕೆ ಸೌಂಡು ಅಂತಾರೆ! ನಿಮ್ಮಪ್ಪನವು ಮೂಗು ಕಟ್ಟಿದಂಗೆ ಹಾಡ್ತವೆ, ಅವು ಮನೆ ಬಿಡ್ಲಿ.”

ಸಿದ್ದಪ್ಪ ನಿಧಾನವಾಗಿ ಎದ್ದು ಗೆದ್ದ ಸ್ಪೀಕರಿನ ಕಂಬಳಿ ಎತ್ತಿದ ಸದ್ದಾಯಿತು. ತಿರುಗಿ ನೋಡಿದೆ.

ಬೇವಿನ ಹಲಗೆ!

“ನಮ್ಮ ಭಾವನ ಕೈಕೆಲ್ಸ” ಎಂದರು ಸಿದ್ದಪ್ಪ ಹೆಮ್ಮೆಯಿಂದ. ಪುಷ್ಪಾ ಕೈಯಲ್ಲಿ ಮಸಿಬಟ್ಟೆ ಹಿಡಿದೇ ಅಳುತ್ತ ನಗುತ್ತಿದ್ದಳು. ನಾನು, “ಅಲ್ಲ, ಇನ್ನೊಂದ್ಸಲ…” ಎಂದು ಶುರು ಮಾಡಿದೆ. ಸಿದ್ದಪ್ಪ ನನ್ನ ಕೆಳಗಿದ್ದ ಕಂಬಳಿಯ ಕಡೆ ಸುಮ್ಮನೆ ಬೆರಳು ತೋರಿಸಿದರು.

ಆ ಸಂಜೆಯೇ ಹೊಸವನ್ನು ಹಿರಿಯೂರಿಗೆ ಹೊತ್ತೊಯ್ದೆ. “ಏನ್ ಸಾರ್, ಸ್ಪೀಕರಿನಾಗೆ ಏನಾರ ದೋಷ ಐತಾ?” ಎಂದ ರುದ್ರೇಶ. “ಸ್ಪೀಕರಿನಲ್ಲಿಲ್ಲ” ಎಂದೆ. ಅವನು ನನ್ನ ಎರಡು ಕಿವಿಗಳನ್ನೂ ಒಂದೊಂದಾಗಿ ನೋಡಿದ.

ಮಾರನೆಯ ದಿನ ಮಾವನವರ ಪೆಟ್ಟಿಗೆಗಳನ್ನು ಹಚ್ಚಿದರೆ ಮತ್ತೆ ಅದೇ ಬುಸ್! ಸಿದ್ದಪ್ಪ ಬಿಟ್ಟುಹೋಗಿದ್ದ ಕಂಬಳಿ ಹೊದಿಸಿದೆ. ಬೆಣ್ಣೆ! ಆಗ ಎಲ್ಲ ತಿಳಿಯಿತು. ಕಂಬಳಿ ಹಳೆಯದರ ಬುಸುಗುಟ್ಟುವಿಕೆಯನ್ನು ನುಂಗಿ ಹದ ಮಾಡಿತ್ತು. ಹೊಸದರಲ್ಲಿ ನುಂಗಲು ಅಂಥದ್ದೇನೂ ಇಲ್ಲದೆ ಅದರ ಕಳೆಯನ್ನೇ ನುಂಗಿತ್ತು. ಮುಚ್ಚಿಸಿದವನು ನಾನೇ. ಈಗ ಅವು ಯಾವಾಗಲೂ ಕಂಬಳಿ ಹೊದ್ದೇ ಇರುತ್ತವೆ. ಮನೆಗೆ ಬಂದವರು ಚಪ್ಪಲಿ ಬಿಟ್ಟು, ಕೈ ಮುಗಿದು, ಯಾವ ದೇವರೆಂದು ಕೇಳುತ್ತಾರೆ.

ಆದರೂ ನನ್ನ ಬುದ್ಧಿ ಎಲ್ಲಿ ಹೋಗುತ್ತದೆ? ಒಂದು ಸಂಜೆ ಹಾಡು ಕೇಳುತ್ತ ಕೂತಾಗ ಹೊಳೆಯಿತು. ಹೊಸದರ ಮೇಲೆ ಬೇಕಂತಲೇ ದಪ್ಪ ಕಂಬಳಿ ಹೊದಿಸಿದ್ದರೆ?

“ಲೇ ಪುಷ್ಪಾ, ಅವತ್ತು ನೀನೂ ನಿಮ್ಮ ಮಾವನೂ ಸೇರ್ಕಂಡು ಏನಾರ…”

ಅವಳಿಗೆ ಸಿಟ್ಟು ಬರಲಿಲ್ಲ. ತಣ್ಣಗೆ ಫೋನ್ ಕೈಗೆತ್ತಿಕೊಂಡಳು. “ಅನುಮಾನ ಐತಾ? ಹೊಸವನ್ನ ಮತ್ತೆ ತರ್ರಿ. ಮಾವನ್ನ ಕರೀತೀನಿ, ಕಂಬಳಿ ಹಾಸ್ಲಿ. ರತ್ನಮ್ಮನೂ ಬರ್ಲಿ. ಇನ್ನೊಂದ್ಸಲ ಪರೀಕ್ಷೆ ಮಾಡಾಣ.”

ಊರೆಲ್ಲ ನೋಡುತ್ತಿರುವಾಗ ಮತ್ತೆ ಹಳೆಯದನ್ನೇ ಹೊಸದೆಂದರೆ?

“ಬ್ಯಾಡ, ಬ್ಯಾಡ! ನಿನ್ನ ಮೇಲೆ ನಂಗೆ ಪೂರ್ತಿ ನಂಬಿಕೆ ಐತೆ!”

ಮದುವೆಯಾದಂದಿನಿಂದ ಈ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಪುಷ್ಪಾ ಹತ್ತಿರ ಬಂದು ನನ್ನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ಮೇಲಿಂದ ಕೆಳಗೆ ಒಮ್ಮೆ ದಿಟ್ಟಿಸಿದಳು.

“ನಿಜ ಹೇಳ್ರಿ,” ಎಂದಳು. “ಏನ್ ಒಡೆದು ಹಾಕಿದೀರಿ?”

ಉತ್ತರಕ್ಕೂ ಕಾಯದೆ ಅಡುಗೆಮನೆಗೆ ಹೋದಳು. ಅವಳು ಅಲ್ಲಿನ ಗಾಜಿನ ಜಾಡಿಗಳನ್ನು ಒಂದೊಂದಾಗಿ ಎತ್ತಿ ನೋಡುವ ಸದ್ದು ನನ್ನ ಈ ಚುರುಕು ಕಿವಿಗೆ ಬಹಳ ಸ್ಪಷ್ಟವಾಗಿ ಕೇಳಿಸಿತು.