ಜಗಲಿಯ ಮೇಲಿನ ಹತ್ತು ಗಂಟೆ

ಹುಣಸೇಕುಂಟೆಯಲ್ಲಿ ದಿನಾ ಹತ್ತು ಗಂಟೆ ಆಗುವುದು ತನ್ನಿಂದಲೇ ಎಂದು ಅಪ್ಪಯ್ಯಣ್ಣ ಇಪ್ಪತ್ತು ವರ್ಷದಿಂದ ನಂಬಿದ್ದ. ತನ್ನ ಕೋಳಿ ಕೂಗಿದ್ದಕ್ಕೇ ಊರಿಗೆ ಬೆಳಗಾಗುತ್ತದೆ ಅಂದುಕೊಂಡಿದ್ದ ಮುದುಕಿಗೆ ಕೊನೆಗೆ ಒಂದು ಕೋಳಿಯಾದರೂ ಇತ್ತು. ಅಪ್ಪಯ್ಯಣ್ಣನಿಗೆ ಇದ್ದದ್ದು ಒಂದು ಜೇಬು ಗಡಿಯಾರ. ಅದೂ ಮಲಗಿ ಏಳುವುದರೊಳಗೆ ಕಾಲು ಗಂಟೆ ಹಿಂದೆ ಬೀಳುವಂಥದ್ದು.

ಊರಿನ ಸ್ಕೂಲು ಹುಟ್ಟಿದ್ದು ಅವನ ಮನೆಯ ಜಗಲಿಯ ಮೇಲೆ. ಆಮೇಲೆ ಊರಾಚೆ ಎರಡು ಅಂಕಣದ ಹೆಂಚಿನ ಕಟ್ಟಡವಾಯಿತು. ಮಕ್ಕಳು ಅಲ್ಲಿಗೆ ಹೋದರು, ಮೇಷ್ಟ್ರು ಪಾಪಯ್ಯನವರು ಹೋದರು, ಕರಿ ಹಲಗೆ ಹೋಯಿತು. ಗಂಟೆ ಮಾತ್ರ ಹೋಗಲಿಲ್ಲ. ಗಂಟೆ ಎಂದರೆ ಮೊಳದುದ್ದದ ರೈಲು ಕಂಬಿಯ ತುಂಡು. ಮನೆ ಮುಂದಿನ ಹೊಂಗೆಮರಕ್ಕೆ ಸರಪಳಿ ಹಾಕಿ ತೂಗುಬಿಟ್ಟಿದ್ದರು. "ಶಾಲಾ ಕಮಿಟಿ ಅಧ್ಯಕ್ಷನ ಮನೆ ಮುಂದೆ ಗಂಟೆ ಇರದೆ ಇನ್ನೆಲ್ಲಿರಬೇಕು?" ಎಂದು ಅಪ್ಪಯ್ಯಣ್ಣ ಕೇಳಿದ್ದಕ್ಕೆ ಯಾರೂ ಉತ್ತರ ಹೇಳಲಿಲ್ಲ. (ಕಮಿಟಿಯಲ್ಲಿ ಇನ್ನಿಬ್ಬರಿದ್ದರು. ಒಬ್ಬನಿಗೆ ಕಿವಿ ಕೇಳುತ್ತಿರಲಿಲ್ಲ. ಇನ್ನೊಬ್ಬ ಅಪ್ಪಯ್ಯಣ್ಣನ ಭಾವಮೈದ.)

ಕಾಲವನ್ನು ಆಳುವ ಈ ಕೆಲಸ ನಡೆಯುತ್ತಿದ್ದದ್ದು ಹೀಗೆ. ಬೆಳಿಗ್ಗೆ ಅಪ್ಪಯ್ಯಣ್ಣ ಜಗಲಿಯ ಕಂಬಕ್ಕೆ ಒರಗಿ, ಗಡಿಯಾರವನ್ನು ಅಂಗೈಯಲ್ಲಿಟ್ಟುಕೊಂಡು ಕೂರುತ್ತಿದ್ದ. ಅವನ ಹೆಂಡತಿ ಮುನಿವೆಂಕಟಮ್ಮ ಮುದ್ದೆಯ ತಪ್ಪಲೆ ಇಳಿಸಿ, ಹಸು ಬಿಟ್ಟು, ಕೊಟ್ಟಿಗೆ ಗುಡಿಸಿ, ಕೈ ತೊಳೆದುಕೊಂಡು ಬರುತ್ತಿದ್ದಳು. ಜಗಲಿಯ ಕಡೆ ಒಂದು ಸಲ ನೋಡಿ, ಸುತ್ತಿಗೆ ಎತ್ತಿಕೊಂಡು ಮರದ ಹತ್ತಿರ ಹೋಗುತ್ತಿದ್ದಳು. ಅವಳ ಕೈ ಮೇಲೇರಿದ್ದು ಕಂಡಕೂಡಲೇ ಅಪ್ಪಯ್ಯಣ್ಣ "ಹೊಡಿ" ಎನ್ನುತ್ತಿದ್ದ. ಅವಳು ಹೊಡೆಯುತ್ತಿದ್ದಳು. ಆ ಸದ್ದಿಗೆ ಅವನು ಗಡಿಯಾರದ ಮುಳ್ಳನ್ನು ಸರಿಯಾಗಿ ಹತ್ತಕ್ಕೆ ತಿರುಗಿಸಿ, ಕೀಲಿ ಕೊಟ್ಟು, "ನೋಡು, ಒಂದು ನಿಮಿಷ ಆಚೀಚೆ ಇಲ್ಲ" ಎಂದು ಜೇಬಿಗಿಳಿಸುತ್ತಿದ್ದ.

ಅವಳು ಜಗಲಿಯಲ್ಲಿ ಏನನ್ನು ನೋಡುತ್ತಾಳೆ ಎಂದು ಅವನು ಯಾವತ್ತೂ ಕೇಳಲಿಲ್ಲ. ತನ್ನನ್ನೇ ನೋಡುತ್ತಾಳೆ ಅಂದುಕೊಂಡಿದ್ದ.

ಸಂಸಾರ ಹೀಗೆ ಸರಾಗವಾಗಿ ನಡೆಯುತ್ತಿರುವಾಗ ನಲವತ್ತೆರಡನೇ ಇಸವಿಯಲ್ಲಿ ಒಂದು ಹುಕುಂ ಬಂತು. ಯುದ್ಧದ ಸಲುವಾಗಿ ಎಲ್ಲ ಗಡಿಯಾರಗಳನ್ನೂ ಒಂದು ಗಂಟೆ ಮುಂದಕ್ಕೆ ತಿರುಗಿಸಬೇಕು, ಶಾಲೆಗಳೂ ಹೊಸ ಟೈಮಿಗೇ ನಡೆಯಬೇಕು ಎಂದು. ಪಾಪಯ್ಯ ಮೇಷ್ಟ್ರು ಅದನ್ನು ಹಿಡಿದುಕೊಂಡು ಬಂದಾಗ ಅಪ್ಪಯ್ಯಣ್ಣ ತಾನೇ ಇಸಕೊಂಡು ಗಟ್ಟಿಯಾಗಿ ಓದಿದ. ಅವನು ಸ್ಕೂಲು ಮೆಟ್ಟಿಲು ಹತ್ತಿದವನಲ್ಲ. ಪಟೇಲರ ಮನೆಯ ಹಳೇ ಕಡತಗಳನ್ನು ಕೂಡಿಸಿ ಕೂಡಿಸಿ ಓದಿ ಅಕ್ಷರ ಕಲಿತವನು. ಅದಕ್ಕೇ ಸರ್ಕಾರದ ಕಾಗದ ಕಂಡರೆ ನೆಂಟರ ಮನೆಯ ಓಲೆ ಬಂದಷ್ಟು ಸಂತೋಷ.

"ಕೇಳಿದೆಯೇನೇ? ನಾಳೆಯಿಂದ ಒಂದು ಗಂಟೆ ಮೊದಲು ಹೊಡಿಬೇಕು."

ಮುನಿವೆಂಕಟಮ್ಮ ಅವರೆಕಾಯಿ ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಹಸಕ್ಕೆ ಹೇಳಿದಿರಾ?"

"ಹಸಕ್ಕೇನು ಹೇಳೋದು?"

"ಅದು ಒಂದು ಗಂಟೆ ಮೊದಲು ಸೊರ ಬಿಟ್ಟು ಹಾಲು ಕೊಟ್ಟರೆ ನಾನೂ ಒಂದು ಗಂಟೆ ಮೊದಲು ಹೊಡೀತೀನಿ. ಮುದ್ದೆ ಉಣ್ಣದೆ ಮಕ್ಕಳು ಸ್ಕೂಲಿಗೆ ಹೋಗ್ತವಾ? ಹೊತ್ತು ಸರ್ಕಾರದ್ದು ಅನ್ನೋದಾದರೆ ಹಸಿವೂ ಸರ್ಕಾರದ್ದೇ ಆಗಲಿ."

ಪಾಪಯ್ಯ ಮೇಷ್ಟ್ರು ಮೆಲ್ಲಗೆ ಚಪ್ಪಲಿ ಮೆಟ್ಟಿಕೊಂಡರು. ಗಂಡಹೆಂಡಿರ ನಡುವೆ ಹುಕುಂ ಬಂದರೆ ಅಲ್ಲಿ ನಿಲ್ಲಬಾರದು ಎನ್ನುವಷ್ಟು ಲೋಕಜ್ಞಾನ ಅವರಿಗಿತ್ತು.

"ಹಾಗಾದರೆ ಕೇಳು" ಎಂದ ಅಪ್ಪಯ್ಯಣ್ಣ. "ನೀನು ಹೊಡೆಯೋ ಹೊತ್ತು ಹೊಸ ಟೈಮಿನಲ್ಲಿ ಹನ್ನೊಂದು. ನಿನ್ನ ಗಂಟೆ ಕೇಳಿದಾಗ ನಾನು ಹನ್ನೊಂದಕ್ಕೇ ತಿರುಗಿಸ್ಕೋತೀನಿ. ಈ ಊರಲ್ಲಿ ನಾನೊಬ್ಬನಾದರೂ ಸರಿಯಾಗಿರ್ತೀನಿ."

"ತಿರುಗಿಸ್ಕೊಳ್ಳಿ. ಗಡಿಯಾರ ನಿಮ್ಮದು, ಮುಳ್ಳು ನಿಮ್ಮದು."

ಅಂದಿನಿಂದ ಅವಳು ಗಂಟೆ ಹೊಡೆದಾಗಲೆಲ್ಲ ಅವನು ಮುಳ್ಳನ್ನು ಹನ್ನೊಂದಕ್ಕೆ ತಿರುಗಿಸತೊಡಗಿದ. "ಹೊಡಿ" ಎನ್ನುವುದನ್ನೂ ನಿಲ್ಲಿಸಿದ. ಅವಳಿಗೆ ಅದರಿಂದ ಏನೂ ಕಷ್ಟವಾದಂತೆ ಕಾಣಲಿಲ್ಲ. ಅದೇ ಅವನಿಗೆ ಕಷ್ಟವಾಯಿತು.

ಇದು ಬರೀ ಜಗಳದ ಮಾತಾಗಿದ್ದರೆ ಹಾಗೇ ಆರಿಹೋಗುತ್ತಿತ್ತು. ಆದರೆ ಹುಣಸೇಕುಂಟೆ ಸ್ಕೂಲಿನಲ್ಲಿ ಇದ್ದದ್ದು ನಾಲ್ಕನೇ ಕ್ಲಾಸಿನ ತನಕ. ಐದನೇ ಕ್ಲಾಸು ಕೊಡಿ ಎಂದು ಅಪ್ಪಯ್ಯಣ್ಣ ಮೂರು ಅರ್ಜಿ ಬರೆದಿದ್ದ. ಅವನ ಮೊಮ್ಮಗಳು ಲಕ್ಕಿಗೆ ಆ ವರ್ಷ ನಾಲ್ಕು ಮುಗಿಯುವುದಿತ್ತು. ಐದಕ್ಕೆ ಎರಡೂವರೆ ಮೈಲಿ ನಡೆದು ದೊಡ್ಡಬಳ್ಳಾಪುರಕ್ಕೆ ಹೋಗಬೇಕು. "ಹೆಣ್ಣುಮಗು ಅಷ್ಟು ದೂರ ಹೋಗೋದು ಬೇಡ, ಓದಿದ್ದು ಸಾಕು" ಎಂದು ಅವಳ ಅಪ್ಪ ಗೋಪಾಲಪ್ಪ ಆಗಲೇ ಹೇಳಿಬಿಟ್ಟಿದ್ದ. ಲಕ್ಕಿ ಅಂದಿನಿಂದ ಸ್ಲೇಟನ್ನು ದಿನಕ್ಕೆ ಎರಡು ಸಲ ತೊಳೆಯತೊಡಗಿದಳು. ಅದನ್ನು ಅಜ್ಜನೂ ನೋಡಿದ್ದ, ಅಜ್ಜಿಯೂ ನೋಡಿದ್ದಳು. ಇಬ್ಬರೂ ಒಬ್ಬರಿಗೊಬ್ಬರು ಹೇಳಿರಲಿಲ್ಲ.

ಅಪ್ಪಯ್ಯಣ್ಣನಿಗೆ ಸುತ್ತಮುತ್ತಲ ಸ್ಕೂಲುಗಳನ್ನು ನೋಡಿಕೊಂಡು ಬರುವ ಒಂದು ಚಟವಿತ್ತು. ಬಂದು ಊಟಕ್ಕೆ ಕೂತು ವರ್ತಮಾನ ಒಪ್ಪಿಸುವನು. ಆ ತಿಂಗಳ ವರ್ತಮಾನವೆಲ್ಲ ಟೈಮಿನದೇ.

"ಬೋಡಕುಂಟೆಯಲ್ಲಿ ಮುಳ್ಳನ್ನ ಹಿಂದಕ್ಕೆ ತಿರುಗಿಸಿಬಿಟ್ಟಿದ್ದಾರೆ ಕಣೆ. ಮಕ್ಕಳು ಬರೋದು ಮಟಮಟ ಮಧ್ಯಾಹ್ನಕ್ಕೆ."

"ಊಟ ಮಾಡ್ಕೊಂಡು ಬರ್ತವಲ್ಲ, ಬಿಡಿ."

"ಕರೇಕಲ್ಲಹಳ್ಳಿ ಕೊಂಡಪ್ಪ ಮೇಷ್ಟ್ರ ಹತ್ತಿರ ಹುಕುಂ ಮೂರು ಸಲ ಬಂತಂತೆ. ಒಂದು ಕನ್ನಡದಲ್ಲಿ, ಒಂದು ಇಂಗ್ಲಿಷಿನಲ್ಲಿ, ಇನ್ನೊಂದು ಜ್ಞಾಪಕ ಪತ್ರ. ಬಂದಾಗಲೆಲ್ಲ ಒಂದೊಂದು ಗಂಟೆ ಮುಂದಕ್ಕೆ ಹಾಕಿದ್ದಾರೆ. ಈಗ ಅಲ್ಲಿ ಮಕ್ಕಳು ಮುಖ ತೊಳೆಯೋದೇ ಸ್ಕೂಲಿನ ಬಾವಿಯಲ್ಲಿ."

"ನಾಲ್ಕನೇದು ಬರದಿದ್ದರೆ ಸಾಕು."

"ಆ ಗುಡ್ಡದ ಕೆಳಗಿನ ಸ್ಕೂಲು ಇನ್ನೂ ಚೆನ್ನ. ಅಲ್ಲಿ ಗಡಿಯಾರವೇ ಇಲ್ಲ. ಮಕ್ಕಳಿಗೆ ಪಾಠ ಹೇಳೋಕೆ ಗೋಡೆ ಮೇಲೆ ಒಂದು ಬರೆದಿಟ್ಟಿದ್ದರು, ಹತ್ತು ಗಂಟೆ ತೋರಿಸೋ ಹಾಗೆ. ಹುಕುಂ ಬಂದಿದ್ದೇ ಸುಣ್ಣ ಬಳಿದು ಹನ್ನೊಂದು ಬರೆದಿದ್ದಾರೆ."

ಮುನಿವೆಂಕಟಮ್ಮ ಮುದ್ದೆಗೆ ಸಾರು ಬಿಟ್ಟಳು. "ಅವರದೇ ವಾಸಿ. ಹೇಳಿದಷ್ಟು ಮಾಡಿದರು, ಯಾರಿಗೂ ತೊಂದರೆ ಕೊಡಲಿಲ್ಲ."

ಕಾರ್ತೀಕದಲ್ಲಿ ಕಾಗದ ಬಂತು. ಇನ್‌ಸ್ಪೆಕ್ಟರು ಬರುವ ಗುರುವಾರ ಒಂಬತ್ತು ಗಂಟೆ ರೈಲಿಗೆ ದೊಡ್ಡಬಳ್ಳಾಪುರದಲ್ಲಿ ಇಳಿದು, ಹತ್ತು ಗಂಟೆಗೆ ಸರಿಯಾಗಿ ಶಾಲೆ ತಲುಪುತ್ತಾರೆ. ಹೊಸ ಟೈಮಿಗೆ ಶಾಲೆ ತೆರೆದು, ಐವತ್ತು ಮಕ್ಕಳು ಹಾಜರಿದ್ದರೆ ಐದನೇ ಕ್ಲಾಸಿನ ಯೋಚನೆ ಮಾಡಲಾಗುವುದು.

ಅಪ್ಪಯ್ಯಣ್ಣ ಎದೆ ಗಟ್ಟಿ ಮಾಡಿಕೊಂಡು ಹೆಂಡತಿಯ ಹತ್ತಿರ ಹೋದ. "ನೋಡು, ಲಕ್ಕಿ ಮುಖ ನೋಡಿಯಾದರೂ ಅದೊಂದು ದಿನ ಹೊಸ ಟೈಮಿಗೆ ಹೊಡಿ."

"ಹೊತ್ತಿಗೆ ಸರಿಯಾಗಿ ಹೊಡೀತೀನಿ. ನೀವು ಅವರನ್ನ ಹುಷಾರಾಗಿ ಕರ್ಕೊಂಡು ಬನ್ನಿ."

ಗುರುವಾರ ಅಪ್ಪಯ್ಯಣ್ಣ ಪಂಚೆಯುಟ್ಟು, ಕೋಟು ತೊಟ್ಟು, ರುಮಾಲು ಸುತ್ತಿ, ಗಾಡಿಗೆ ಹೊಸ ಹುಲ್ಲಿನ ಮೇಲೆ ಜಮಖಾನ ಹಾಸಿ ಸ್ಟೇಷನ್ನಿಗೆ ಹೊಡೆದ. ಇಳಿದು ಗಡಿಯಾರ ನೋಡಿದರೆ (ರಾತ್ರಿ ಹಿಂದೆ ಬಿದ್ದ ಕಾಲು ಗಂಟೆಯನ್ನು ಹೊರಡುವಾಗಲೇ ಕೂಡಿಸಿಕೊಂಡಿದ್ದ) ಒಂಬತ್ತು. ಸ್ಟೇಷನ್ನಿನ ಗೋಡೆ ನೋಡಿದರೆ ಎಂಟು.

ಪೋರ್ಟರ್ ಮುನಿಸ್ವಾಮಿ ಬೀಡಿ ಹಚ್ಚುತ್ತಿದ್ದ. ಅಪ್ಪಯ್ಯಣ್ಣ ಅವನನ್ನು ಕರೆದು ಸಮಾಧಾನವಾಗಿಯೇ ಹೇಳಿದ. "ನಿಮ್ಮದು ಇನ್ನೂ ಹಳೇ ಟೈಮಿನಲ್ಲೇ ಇದೆಯಲ್ಲಪ್ಪಾ. ಹುಕುಂ ಬರಲಿಲ್ಲವಾ?"

"ಯಜಮಾನರೇ, ಆ ಹುಕುಂ ಊರಿಗೆಲ್ಲ ಬಂದದ್ದೇ ನಮ್ಮ ತಂತಿ ಮೇಲೆ."

"ತಂತಿ ಮೇಲೆ ಬಂದದ್ದು ಮುಂದಕ್ಕೆ ಹೋಗಿರಬೇಕು. ಇಲ್ಲಿ ಇಳೀಲಿಲ್ಲ ಅಂತ ಕಾಣುತ್ತೆ."

"ಆಯ್ತು, ಕೂತ್ಕೊಳ್ಳಿ. ಇನ್ನೊಂದು ಗಂಟೆಗೆ ಗಾಡಿ ಬರುತ್ತೆ, ಅದನ್ನೇ ಕೇಳಿ."

ಅಪ್ಪಯ್ಯಣ್ಣ ಕೂರಲಿಲ್ಲ. ಕಡತ ಓದಿ ಬೆಳೆದ ತಲೆ ಅದು, ಲೆಕ್ಕ ಹಾಕಿತು. ಈ ರೈಲು ಬರುವ ಹೊತ್ತಿಗೆ ಹೊಸ ಟೈಮು ಹತ್ತಾಗುತ್ತದೆ. ಹತ್ತಕ್ಕೆ ಶಾಲೆಯಲ್ಲಿರಬೇಕಾದ ಇನ್‌ಸ್ಪೆಕ್ಟರು ಹತ್ತಕ್ಕೆ ಸ್ಟೇಷನ್ನಿಗೆ ಬರುವ ರೈಲು ಹತ್ತುತ್ತಾರೆಯೇ? ಹತ್ತುವುದಿಲ್ಲ. ರೈಲಿನವರು ಹಿಂದುಳಿದಿದ್ದಾರೆ ಎಂದು ತಿಳಿದು ಬಸ್ಸಿನಲ್ಲಿ ಬರುತ್ತಾರೆ. ತನ್ನ ಬುದ್ಧಿಗೆ ತಾನೇ ತಲೆದೂಗಿ ಗಾಡಿಯನ್ನು ಬಸ್ ಸ್ಟ್ಯಾಂಡಿನ ಕಡೆ ತಿರುಗಿಸಿದ. ಬಸ್ಸು ಬಂತು. ಇಬ್ಬರು ನೇಕಾರರು ಇಳಿದರು, ನೂಲಿನ ಗಂಟು ಇಳಿಯಿತು, ಒಂದು ಮೇಕೆ ಇಳಿಯಿತು. ಇನ್‌ಸ್ಪೆಕ್ಟರು ಇಳಿಯಲಿಲ್ಲ.

ಊರಿಗೆ ವಾಪಸು ಬಂದಾಗ ಅವನ ಗಡಿಯಾರದಲ್ಲಿ ಹನ್ನೊಂದಕ್ಕೆ ಇಪ್ಪತ್ತು ನಿಮಿಷವಿತ್ತು. ಮುನಿವೆಂಕಟಮ್ಮ ಕೊಟ್ಟಿಗೆ ಗುಡಿಸುತ್ತಿದ್ದಳು.

"ಆ ಮನುಷ್ಯ ಬರಲಿಲ್ಲ. ಮಕ್ಕಳನ್ನ ಮನೆಗೆ ಕಳಿಸೋಕೆ ಹೇಳು ಮೇಷ್ಟ್ರಿಗೆ."

"ಗಂಟೆಯೇ ಹೊಡೆದಿಲ್ಲ, ಮಕ್ಕಳು ಇನ್ನೂ ಉಣ್ತಾ ಇದ್ದಾವೆ. ಕಳಿಸೋದು ಯಾರನ್ನ?"

ಅಪ್ಪಯ್ಯಣ್ಣನ ರುಮಾಲು ತಾನಾಗಿಯೇ ಸಡಿಲಾಯಿತು. "ಹನ್ನೊಂದಾಗ್ತಾ ಬಂತು. ಇನ್ನೂ ಹೊಡೆದಿಲ್ಲ? ಆತ ಬಂದಿದ್ದರೆ ಬಾಗಿಲು ಮುಚ್ಚಿದ ಸ್ಕೂಲು ನೋಡ್ಕೊಂಡು ಹೋಗ್ತಿದ್ದ. ನಿನ್ನ ಹಟಕ್ಕೆ ಆ ಮಗು ಓದು ಹೋಗ್ತಿತ್ತು."

ಅವಳು ಪೊರಕೆ ಕೆಳಗಿಡದೆ ಜಗಲಿಯ ಕಡೆ ನೋಡಿದಳು. "ನಾಲ್ಕು ಬೆರಳು ಬಾಕಿ ಇದೆ" ಎಂದಷ್ಟೇ ಹೇಳಿ ಒಳಗೆ ಹೋದಳು.

ಮೂವತ್ತೈದು ವರ್ಷ ಜೊತೆಗೆ ಬಾಳಿದವಳಿಗೆ ಇನ್ನೇನು ಹೇಳುವುದು? ಅಪ್ಪಯ್ಯಣ್ಣ ಕೋಟು ಕಳಚಿ, ಪಂಚೆ ಬಿಚ್ಚಿಟ್ಟು, ಲಂಗೋಟಿಯಲ್ಲಿ ಎತ್ತುಗಳನ್ನು ಕೆರೆಗೆ ಹೊಡೆದುಕೊಂಡು ಹೋದ. ಎತ್ತಿನ ಬೆನ್ನುಜ್ಜುತ್ತಾ ಅವನಿಗೆ ಸಿಟ್ಟಿಗಿಂತ ದುಃಖ ಹೆಚ್ಚಾಗಿತ್ತು. ಲಕ್ಕಿ ಸ್ಲೇಟು ತೊಳೆಯುವುದು ಕಣ್ಣಿಗೆ ಬರುತ್ತಿತ್ತು. ಅಷ್ಟರಲ್ಲಿ ಊರಿನಿಂದ ಗಂಟೆ ಕೇಳಿತು. ಏರಿಯ ಮೇಲಿಟ್ಟಿದ್ದ ಗಡಿಯಾರ ನೋಡಿದ. ಸರಿಯಾಗಿ ಹನ್ನೊಂದು.

ಏರಿಯ ಮೇಲೆ ಯಾರೋ ನಡೆದು ಬರುತ್ತಿದ್ದರು. ಕರೀ ಕೋಟು, ಕೈಯಲ್ಲಿ ಕೊಡೆ, ಷೂಸಿನ ತುಂಬ ಧೂಳು. ಅವರು ನಿಂತು ತಮ್ಮ ಗಡಿಯಾರ ತೆಗೆದು ನೋಡಿದರು. "ಪರವಾಗಿಲ್ಲವೇ. ನಿಮ್ಮೂರ ಗಂಟೆ ಹತ್ತಕ್ಕೆ ಸರಿಯಾಗಿ ಹೊಡೀತು."

ಅಪ್ಪಯ್ಯಣ್ಣನಿಗೆ ಇಂಥ ಅಜ್ಞಾನ ಕಂಡರೆ ಸುಮ್ಮನಿರಲು ಬರುವುದಿಲ್ಲ. ಲಂಗೋಟಿಯಲ್ಲೇ ಮೊಣಕಾಲುದ್ದ ನೀರಿನಲ್ಲಿ ನಿಂತು ಹೇಳಿದ. "ಅದು ಹಳೇ ಟೈಮು ಸ್ವಾಮಿ. ಈಗ ಹನ್ನೊಂದು. ಸರ್ಕಾರ ಬದಲಾಯಿಸಿ ಎರಡು ತಿಂಗಳಾಯ್ತು. ಓದಿದವರ ಹಾಗೆ ಕಾಣ್ತೀರಿ, ನಿಮಗೇ ತಿಳೀದಿದ್ದರೆ ಹೇಗೆ?"

"ಹಾಗೋ?"

"ಹಾಗೇ ಮತ್ತೆ. ಹೊಸ ಟೈಮಿಗೆ ಬರ್ತೀನಿ ಅಂತ ಬರೆದ ಇನ್‌ಸ್ಪೆಕ್ಟರೇ ಬರಲಿಲ್ಲ. ಆತನ ಗಡಿಯಾರವೂ ನಿಮ್ಮದರ ಹಾಗೇ ಇರಬೇಕು."

"ಹೌದು, ನನ್ನದರ ಹಾಗೇ ಇದೆ" ಎಂದರು ಅವರು, ಷೂಸಿನ ಧೂಳು ಕೊಡವುತ್ತಾ. "ಈ ಬೆಳಿಗ್ಗೆ ರೈಲಿನ ಗಡಿಯಾರಕ್ಕೇ ಸರಿಮಾಡಿಕೊಂಡಿದ್ದೇನೆ. ಸ್ಟೇಷನ್ನಿಗೆ ಗಾಡಿ ಬರುತ್ತೆ ಅಂತ ಅಧ್ಯಕ್ಷರು ಬರೆದಿದ್ದರು. ಬರಲಿಲ್ಲ, ನಡೆದೇ ಬಂದೆ. ಅವರ ಮನೆ ಯಾವುದು?"

ಆಗ ಅಪ್ಪಯ್ಯಣ್ಣ ಮಾಡಿದ ಕೆಲಸಕ್ಕೆ ಯಾವ ಕಡತದಲ್ಲೂ ಆಧಾರವಿಲ್ಲ. ಮೆಲ್ಲಗೆ ಕುತ್ತಿಗೆಯ ತನಕ ನೀರಿಗಿಳಿದು, ಕೈ ಮಾತ್ರ ಮೇಲೆತ್ತಿ ಹೊಂಗೆಮರವನ್ನು ತೋರಿಸಿದ.

ಅವನು ಪಂಚೆ ಸುತ್ತಿಕೊಂಡು ಶಾಲೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಐವತ್ತಮೂರು ಮಕ್ಕಳು ಸಾಲಾಗಿ ಕೂತಿದ್ದವು. ಲಕ್ಕಿ ಮೊದಲನೇ ಸಾಲಿನಲ್ಲಿ, ತೊಳೆದ ಸ್ಲೇಟು ತೊಡೆಯ ಮೇಲಿಟ್ಟುಕೊಂಡು. ಇನ್‌ಸ್ಪೆಕ್ಟರು ಪುಸ್ತಕದಲ್ಲಿ ಬರೆದದ್ದನ್ನು ಪಾಪಯ್ಯ ಮೇಷ್ಟ್ರು ಓದಿದರು. 'ಈ ಸುತ್ತಿನಲ್ಲಿ ಹತ್ತು ಶಾಲೆ ನೋಡಿದೆ. ಹತ್ತು ಕಡೆ ಹತ್ತು ಟೈಮು. ಗಂಟೆ ಸರಿಯಾಗಿದ್ದದ್ದು ಇಲ್ಲಿ ಮಾತ್ರ. ಐದನೇ ಕ್ಲಾಸಿಗೆ ಶಿಫಾರಸು ಮಾಡಿದ್ದೇನೆ.'

"ಇಲ್ಲಿ ಟೈಮು ನೋಡಿಕೊಳ್ಳುವವರು ಯಾರು?" ಎಂದು ಇನ್‌ಸ್ಪೆಕ್ಟರು ಕೇಳಿದರು. ಅಪ್ಪಯ್ಯಣ್ಣ ಅಭ್ಯಾಸಬಲದಿಂದ ಒಂದು ಹೆಜ್ಜೆ ಮುಂದಿಟ್ಟ. ಅವನ ಒದ್ದೆ ತಲೆಯನ್ನು ಅವರು ಒಂದು ಕ್ಷಣ ನೋಡಿದರು. ಇಟ್ಟ ಹೆಜ್ಜೆಯನ್ನು ಅವನು ಹಿಂದಕ್ಕೆ ತೆಗೆದುಕೊಂಡ.

ಅವರು ಹೋದ ಮೇಲೆ ಮನೆಗೆ ಬಂದು ಜಗಲಿಯ ಮೇಲೆ ಕೂತ. "ಗಂಟೆಯ ಹೊತ್ತನ್ನ ಯಾವಾಗ ಬದಲಾಯಿಸಿದೆ?" ಎಂದು ಕೇಳಿದ.

"ಏಳಿ ಮೇಲಕ್ಕೆ" ಎಂದಳು ಮುನಿವೆಂಕಟಮ್ಮ.

ಎದ್ದ. ಅವನು ದಿನಾ ಕೂರುವ ಜಾಗದಲ್ಲಿ, ಜಗಲಿಯ ಅಂಚಿನಿಂದ ಗೋಡೆಯ ಕಡೆಗೆ, ಸಾಲಾಗಿ ಸುಣ್ಣದ ಬೊಟ್ಟುಗಳು. ಬೆರಳಗಲಕ್ಕೆ ಒಂದೊಂದು. ಮೊದಲನೆಯವು ಅರ್ಧ ಅಳಿಸಿದ್ದವು. ಅವನೇ ಕೂತು ಅಳಿಸಿದ್ದು.

"ಸೂರಿನ ನೆರಳು ಅಂಚಿಗೆ ಬಂದಾಗ ಗಂಟೆ ಹೊಡೀತಿದ್ದೆ, ಮೊದಲಿಂದಲೂ. ಮಳೆಗಾಲ ಚಳಿಗಾಲಕ್ಕೆ ಒಂದೆರಡು ಬೆರಳು ಆಚೀಚೆ. ಹುಕುಂ ಬಂದ ಮಾರನೇ ದಿನ ನೋಡ್ತೀನಿ, ಬೆಳಗಿನ ರೈಲು ಬೇಗ ಕೂಗ್ತು. ರೈಲು ಕೂಗಿದ ಮೇಲೆ ಹಸು ಬಿಟ್ಟು ಕೊಟ್ಟಿಗೆ ಗುಡಿಸೋ ಅಷ್ಟು ಹೊತ್ತಿಗೆ ಗಂಟೆ, ಅದಲ್ವಾ ಲೆಕ್ಕ? ರೈಲು ಬೇಗ ಬಂದ ಮೇಲೆ ಗಂಟೆಯನ್ನೂ ಅದರ ಜೊತೆ ಕರ್ಕೊಂಡು ಬರಬೇಕು. ಒಂದೇ ಸಲ ಎಳೆದರೆ ಹಸ ಒದೀತದೆ, ಮಕ್ಕಳು ಅಳ್ತವೆ. ದಿನಕ್ಕೊಂದು ಬೆರಳು ಸರಿಸಿದೆ. ಯಾರಿಗೂ ಗೊತ್ತಾಗಲಿಲ್ಲ."

"ನನಗೊಂದು ಮಾತು ಹೇಳೋದಲ್ವಾ?"

"ಹೇಳಿದರೆ ನೀವು ಗೆದ್ದ ಹಾಗಾಗ್ತಿತ್ತು. ಅದೂ ಅಲ್ಲದೆ, ದಿನಾ ಅದರ ಮೇಲೇ ಕೂರ್ತಿದ್ದಿರಿ. ನೋಡಿದ್ದೀರಿ ಅಂದ್ಕೊಂಡೆ. ಇನ್ನೂ ಹನ್ನೊಂದಕ್ಕೇ ತಿರುಗಿಸ್ತಿದ್ದಿರಾ?"

ಅಪ್ಪಯ್ಯಣ್ಣ ಗಡಿಯಾರ ತೆಗೆದು ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ. ಇಪ್ಪತ್ತು ವರ್ಷ ಅವನು ಕಾಲವನ್ನು ಅಂಗೈಯಲ್ಲಿ ಹಿಡಿದುಕೊಂಡು ಕೂತಿದ್ದ. ಅದು ಅವನ ಕುಂಡಿಯ ಕೆಳಗೆ ಹಾದು ಹೋಗುತ್ತಿತ್ತು.

ಮಾರನೇ ಬೆಳಿಗ್ಗೆ ಅವನು ಜಗಲಿಯ ಮೇಲೆ ಕೂರಲಿಲ್ಲ. ಹೊಂಗೆಮರದ ಕೆಳಗೆ ನಿಂತು, "ಕೊಡು, ಇವತ್ತು ನಾನು ಹೊಡೀತೀನಿ" ಎಂದು ಕೈ ಚಾಚಿದ. ಮುನಿವೆಂಕಟಮ್ಮ ಅವನ ಮುಖ ನೋಡಿ ಸುತ್ತಿಗೆ ಕೊಟ್ಟಳು. ಅವನು ಅದನ್ನು ಮೇಲೆತ್ತಿದ.

"ತಡೀರಿ" ಎಂದಳು ಅವಳು, ನೆರಳಿನ ಮೇಲಿಂದ ಕಣ್ಣು ತೆಗೆಯದೆ.

ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಸ್ಲೇಟು ಕಂಕುಳಲ್ಲಿಟ್ಟುಕೊಂಡು ಲಕ್ಕಿಯೂ ಬಾಗಿಲಲ್ಲಿ ಬಂದು ನಿಂತಳು. ಅವನ ತೋಳು ನೋಯತೊಡಗಿತು.

"ಈಗ ಹೊಡೀರಿ."

ಅಪ್ಪಯ್ಯಣ್ಣ ಹೊಡೆದ.