ಪರದೆಯ ಅಂಚಿನ ನಾಣ್ಯಗಳು

ದಿನವೂ ಸಂಜೆ ದೀಪ ಹಚ್ಚಿದ ಮೇಲೆ ನಾನು ಜಪಕ್ಕೆ ಕೂರುತ್ತೇನೆ. ಜ್ವರ ಬಂದರೂ, ನೆಂಟರು ಬಂದರೂ ಇದು ತಪ್ಪಿದ್ದಿಲ್ಲ. ನನ್ನ ಯಜಮಾನರಿಗೂ ತಪ್ಪದ ನಿಯಮವೊಂದಿದೆ. ಸರಿಯಾಗಿ ಅದೇ ಹೊತ್ತಿಗೆ ತಮ್ಮ ಗಡಿಯಾರ ರಿಪೇರಿ ಅಂಗಡಿ ಮುಚ್ಚಿ ಬಂದು, ಎದುರಿನ ಕುರ್ಚಿಯಲ್ಲಿ ಕೂತು, ನಾಣ್ಯಸಂಗ್ರಹದ ಮಹಾಪುರಾಣ ಬಿಚ್ಚುವುದು. ಎರಡು ವ್ರತಗಳೂ ಒಂದೇ ಮುಹೂರ್ತಕ್ಕೆ ಬಿದ್ದರೆ ಹೆಂಗಸು ಏನು ಮಾಡಬೇಕು? ನಾನೊಂದು ಉಪಾಯ ಕಂಡುಕೊಂಡಿದ್ದೆ. ಕೈ ಮಡಿಲಲ್ಲಿ ಮಣಿ ಜರುಗಿಸುತ್ತದೆ, ಮನಸ್ಸು ದೇವರ ಹೆಸರು ಹೇಳುತ್ತದೆ, ಬಾಯಿ ಮಾತ್ರ ಆಗಾಗ "ಹೂಂ" ಅನ್ನುತ್ತದೆ. (ಹೂಂ ಎಲ್ಲಿ ಹಾಕಬೇಕೆಂಬುದು ಅನುಭವದಿಂದ ಬರುತ್ತದೆ. ಅವರು ಉಸಿರು ತೆಗೆದುಕೊಳ್ಳಲು ನಿಲ್ಲುವ ಜಾಗ ಅದು.)

ಇದರಿಂದ ನನಗೆ ಒಳ್ಳೆಯ ಹೆಸರೂ ಬಂದಿತ್ತು. ನಾದಿನಿ ಬಂದಾಗಲೆಲ್ಲ, "ಅತ್ತಿಗೆ, ಅಣ್ಣನ ಕೊರೆತ ಕೇಳೋಕೆ ನೀವೇ ಸರಿ. ನಾನಾಗಿದ್ರೆ ಆ ನಾಣ್ಯಾನ ಅವನ ಬಾಯಿಗೇ ತುರುಕ್ತಿದ್ದೆ" ಅನ್ನುತ್ತಿದ್ದಳು. ನಾನು ಸಾಧ್ವಿಯ ಹಾಗೆ ತಲೆ ತಗ್ಗಿಸಿ ನಗುತ್ತಿದ್ದೆ.

ಮೊನ್ನೆ ಒಂದು ಸಂಜೆ ಪುರಾಣದ ನಡುವೆ ಒಂದು ಮಾತು ಕಿವಿಗೆ ಬಿತ್ತು.

"ಬೇಡದ ನಾಣ್ಯ ರಾಶಿ ಬಿದ್ದಿದೆ ಕಣೇ. ಎಲ್ಲಾ ಸವೆದದ್ದು, ಒಂದೇ ಥರದ್ದು. ವ್ಯಾಪಾರಿ ಮುಟ್ಟಲ್ಲ, ಅಂಗಡಿಯೋರು ತಗೊಳಲ್ಲ, ಬಿಸಾಕೋಕೆ ನನಗೆ ಮನಸ್ಸು ಬರಲ್ಲ. ನೀನೇ ಏನಾದ್ರೂ ಮಾಡು."

("ನೀನೇ ಏನಾದ್ರೂ ಮಾಡು" ಎಂಬುದು ಎಂಥ ಜಪವನ್ನೂ ಸೀಳಿಕೊಂಡು ಬರುವ ವಾಕ್ಯ.)

ಮನೆಯಲ್ಲಿ ನಾಣ್ಯಗಳಿರುವುದು ಎರಡೇ ಕಡೆ. ಒಂದು, ನೀಲಿ ಮಖಮಲ್ಲಿನ ಹೊದಿಕೆಯ ಆಲ್ಬಮ್. ಇನ್ನೊಂದು, ಮೂಲೆ ನೆಗ್ಗಿದ ಬಿಸ್ಕತ್ತಿನ ಡಬ್ಬಿ. ಬೇಡದವು ಯಾವುದರಲ್ಲಿರುತ್ತವೆ ಎಂದು ಕೇಳುವುದಕ್ಕೆ ನಾನೇನು ಪೆದ್ದಿಯೇ?

ನಡುಮನೆಯ ಕಿಟಕಿಯ ಪರದೆಗಳು ಗಾಳಿಗೆ ಹಾರಿ ಟೀ ಲೋಟ ಉರುಳಿಸುತ್ತಿದ್ದವು. ಅಂಚಿಗೆ ಭಾರ ಬೇಕಿತ್ತು. ನಾಣ್ಯಗಳನ್ನು ಸುಮ್ಮನೆ ಅಂಚಿನೊಳಗೆ ತುರುಕಿದರೆ ಒಂದೇ ಕಡೆ ಜಾರಿ ಗುಂಪುಗೂಡುತ್ತವೆ. ಗುಂಡಿಯ ಹಾಗೆ ತೂತು ಮಾಡಿ ಹೊಲಿದರೆ ನಿಲ್ಲುತ್ತವೆ. ಮಾರನೆಯ ಬೆಳಿಗ್ಗೆ ಡಬ್ಬಿ ತೆರೆದರೆ ಒಂದೊಂದನ್ನೂ ತೆಳು ಕಾಗದದಲ್ಲಿ ಸುತ್ತಿಟ್ಟಿದ್ದರು. ಬೇಡದ್ದಕ್ಕೂ ಇಷ್ಟು ಉಪಚಾರವೇ ಎಂದು ಮರುಗಿ, ಎಲ್ಲವನ್ನೂ ಬೀದಿ ತಿರುವಿನ ಬೀಗದ ಕೈ ಮಾಡುವವನಲ್ಲಿಗೆ ಒಯ್ದೆ.

"ಅಮ್ಮಾ, ಇವು ಹಳೇವಲ್ವಾ?" ಅಂದ.

"ಹಳೇವೇ ಕಣಪ್ಪ. ಅದಕ್ಕೇ ಬೇಡವಾಗಿರೋದು. ತೂತು ನಡುವೆ ಬರಲಿ."

ಪಾಪ, ಬಹಳ ಅಚ್ಚುಕಟ್ಟಾಗಿ ನಡುವೆಯೇ ಕೊರೆದುಕೊಟ್ಟ.

ಅಂಚಿಗೆ ಹೊಲಿದು ಮುಗಿಸುವಷ್ಟರಲ್ಲಿ ಸಂಜೆಯಾಯಿತು, ಯಜಮಾನರು ಬಂದರು. ಗಾಳಿ ಜೋರಾಗಿತ್ತು, ಪರದೆಗಳು ಮಂತ್ರಿಗಳ ಹಾಗೆ ಗಂಭೀರವಾಗಿ ನಿಂತಿದ್ದವು.

"ಅರೆ, ಅಲುಗಾಡ್ತಾನೇ ಇಲ್ವಲ್ಲ. ಏನು ಮಾಡಿದೆ?" ಎಂದು ಖುಷಿಯಿಂದ ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಜೇಬಿನಿಂದ ಗಡಿಯಾರ ರಿಪೇರಿಯ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡರು.

"ಇವು ಡಬ್ಬೀಲಿದ್ದವಾ?"

"ಹೂಂ." (ಇದೊಂದು ಹೂಂ ಮಾತ್ರ ಕೇಳಿಸಿಕೊಂಡೇ ಹೇಳಿದ್ದು.)

"ಆಲ್ಬಮ್ಮಿನ ಪ್ಲಾಸ್ಟಿಕ್‌ನಿಂದ ನಾಣ್ಯ ಹಸಿರುಗಟ್ತಿದೆ, ಒಳ್ಳೇವನ್ನೆಲ್ಲ ಡಬ್ಬಿಗೆ ಹಾಕಿ ಬೇಡದವನ್ನ ಆಲ್ಬಮ್ಮಿಗೆ ಹಾಕಿದೀನಿ ಅಂತ ಹೇಳಿದ್ನಲ್ಲೇ?"

"ಹೇಳಿದ್ರಾ?"

"ನೀನು 'ಹೂಂ, ಒಳ್ಳೇದಾಯ್ತು' ಅಂದೆ."

ಅಂದಿರುತ್ತೇನೆ. ಅದು ನನ್ನದೇ ಧಾಟಿ.

ಕೊನೆಯಲ್ಲಿದ್ದ ಸಣ್ಣ ನಾಣ್ಯವೊಂದನ್ನು ಎತ್ತಿ, ಅದರ ತೂತಿನೊಳಗಿಂದ ನನ್ನನ್ನು ನೋಡಿದರು.

"ಇದು ಯಾವುದು ಗೊತ್ತಾ?"

"ಯಾವನೋ ರಾಜನದ್ದಿರಬೇಕು."

"ನಿಮ್ಮಪ್ಪನ ಗಡಿಯಾರ ಬಿಡಿಸ್ಕೊಳ್ಳೋಕೆ ನೀನು ಅಂಗಡಿಗೆ ಬಂದಿದ್ಯಲ್ಲ, ಆವತ್ತು ಕೊಟ್ಟಿದ್ದು. ಗಲ್ಲಾಪೆಟ್ಟಿಗೆಗೆ ಹಾಕದೆ ಇಟ್ಕೊಂಡೆ. ಈ ಸಂಗ್ರಹ ಶುರುವಾಗಿದ್ದೇ ಇದರಿಂದ."

"ಇದನ್ನ ನೀವು ಯಾವತ್ತೂ ಹೇಳ್ಲೇ ಇಲ್ವಲ್ಲ."

"ಪ್ರತಿ ವರ್ಷ ಮದುವೆಯ ದಿನ ಹೇಳ್ತೀನಿ."

ಅವರು ಬೈದಿದ್ದರೆ ಸುಲಭವಾಗುತ್ತಿತ್ತು. ಬೈಯಲಿಲ್ಲ. ಊಟ ಮಾಡಿ, ಲೋಟ ತೊಳೆದಿಟ್ಟು ಮಲಗಿದರು. ಇಷ್ಟು ವರ್ಷ ರಾಜಮಹಾರಾಜರ ಸುದ್ದಿಯೆಂದು ನಾನು ಕಿವಿ ಮುಚ್ಚಿಕೊಂಡ ಆ ಪುರಾಣದೊಳಗೆ ನಾನೇ ಇದ್ದೆ. ದೇವರಿಗೆ ಎಷ್ಟೆಲ್ಲ ಹೇಳಿಕೊಂಡಿದ್ದೇನೆ. ಅವನೂ ನನ್ನ ಹಾಗೆ ಉಸಿರಿನ ಜಾಗ ನೋಡಿ ಹೂಂ ಅನ್ನುತ್ತಿದ್ದರೆ? ಮೊದಲ ಸಲ ಭಯವಾಯಿತು.

ಮರುದಿನ ಜಪವನ್ನು ನಸುಕಿನಲ್ಲೇ ಮುಗಿಸಿದೆ. ಸಂಜೆ ದೀಪ ಹಚ್ಚಿ ಬರಿಗೈಯಲ್ಲಿ ಕಾದು ಕೂತೆ. ಅವರು ಬಂದು ಪತ್ರಿಕೆ ಬಿಡಿಸಿದರು.

"ಕತೆ?" ಎಂದೆ.

"ಇನ್ಮೇಲೆ ಇಲ್ಲ. ನೀನು ನಿಶ್ಚಿಂತೆಯಾಗಿ ಜಪ ಮಾಡ್ಕೋ. ಅಷ್ಟು ಉಪಕಾರಾನಾದ್ರೂ ಮಾಡ್ತೀನಿ."

ಮಾತಿನಲ್ಲಿ ಚುಚ್ಚು ಇರಲಿಲ್ಲ, ಅದೇ ಚುಚ್ಚಿತು. ಈ ಉಪಕಾರಕ್ಕಾಗಿ ನಾನು ದೇವರಲ್ಲಿ ಎಷ್ಟು ಮೊರೆಯಿಟ್ಟಿದ್ದೆನೋ. ವರ ಈಗ ಮನೆ ಬಾಗಿಲಿಗೇ ಬಂದಿತ್ತು.

ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದು ಪರದೆಯ ಅಂಚು ಮಡಿಲಿಗೆ ಹಾಕಿಕೊಂಡೆ. "ಆ ಉಪಕಾರ ನನಗೆ ಬೇಡ. ಈ ತುದಿಯಿಂದ ಹೇಳಿ. ಇದು ಯಾವುದು?"

"ನೆನ್ನೆ ತನಕ ನಾಣ್ಯ. ಈಗ ಗುಂಡಿ."

"ಗುಂಡಿಯ ಕತೇನೇ ಹೇಳಿ."

ಅವರು ಪತ್ರಿಕೆ ಮಡಿಸಿದರು. ತಡೆದು ತಡೆದು ಶುರು ಮಾಡಿ, ಉಸಿರು ತೆಗೆದುಕೊಳ್ಳಲು ನಿಂತರು. ನಾನು ಹೂಂ ಅನ್ನಲಿಲ್ಲ.