ಮುಚ್ಚಿದ ಸೇತುವೆ, ಅರ್ಧ ಸೊಸೆ

ನಾವಿಬ್ಬರೂ ಕ್ಯಾಮರಾ ಹಿಡಿದು ಮನೆಯಿಂದ ಹೊರಬಿದ್ದರೆ ಏನಾದರೊಂದು ಎಡವಟ್ಟಾಗದೆ ವಾಪಸು ಬಂದದ್ದೇ ಇಲ್ಲ. ಆ ಅಕ್ಟೋಬರಿನಲ್ಲಿ ಮಾತ್ರ ನಗುವುದಕ್ಕೆ ನನಗೆ ಮನಸ್ಸಿರಲಿಲ್ಲ. ನನ್ನ ಯಜಮಾನರಿಗೆ ಗ್ಲಾಕೋಮಾ. ನೋಟ ಅಂಚಿನಿಂದ ಒಳಕ್ಕೆ ಕಪ್ಪಾಗುತ್ತಾ ಬಂದು, ನಡುವೆ ಒಂದು ತಟ್ಟೆಯಷ್ಟು ಉಳಿದಿತ್ತು. ಡಾಕ್ಟರು ಡ್ರೈವಿಂಗ್ ಬಿಡಿಸಿದ್ದರು. ನಾವಿರುವ ಊರಾದ ಸಮಾಮಿಶ್‌ನಲ್ಲಿ ಕಾರಿಲ್ಲದವರಿಗೆ ಒಂದು ಕಟ್ಟು ಕೊತ್ತಂಬರಿ ಸೊಪ್ಪೂ ಸಿಗುವುದಿಲ್ಲ.

ಒರೆಗಾನ್‌ ರಾಜ್ಯದ ಕಡೆ ಹಳೇ ಮರದ ಸೇತುವೆಗಳಿವೆ, ಮನೆಗಿದ್ದ ಹಾಗೆ ಅವಕ್ಕೂ ಗೋಡೆ, ಚಾವಣಿ. ಅವುಗಳ ಫೋಟೋ ತೆಗೆಯಬೇಕೆಂದು ಇವರು ಹತ್ತು ವರ್ಷದಿಂದ ಪಟ್ಟಿ ಇಟ್ಟುಕೊಂಡಿದ್ದರು. "ಕಣ್ಣಿರೋವಾಗ್ಲೇ ಹೋಗ್ಬಿಡೋಣ ಕಣೇ" ಅಂದರು. ನಾನು ಪಕ್ಕದ ಫ್ಯಾಕ್ಟೋರಿಯಾದಲ್ಲಿರುವ ನನ್ನ ಆಫೀಸಿಗೆ ನಾಲ್ಕು ದಿನ ರಜೆ ಹಾಕಿದೆ. ಮೈಸೂರಿನಲ್ಲಿರುವ ಅತ್ತೆಗೆ ಕಣ್ಣಿನ ವಿಷಯ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡರು.

೧. ಚಾವಣಿ

ಹೊರಡುವ ದಿನವೇ ಅತ್ತೆಯ ಫೋನು. ಅವರಿಗೆ ಇಂಗ್ಲಿಷ್ ಬಾರದೆಂದು ಇವರು 'ಕವರ್ಡ್ ಬ್ರಿಡ್ಜ್' ಅನ್ನುವುದನ್ನು ಕನ್ನಡ ಮಾಡಿ ಹೇಳಿದರು.

"ಮುಚ್ಚಿದ ಸೇತುವೆ ನೋಡೋಕೆ ಹೋಗ್ತಿದೀವಮ್ಮ."

"ಮುಚ್ಚಿದ ಮೇಲೆ ನೋಡೋದೇನೋ? ತೆರೆದಿರೋದು ಆ ದೇಶದಲ್ಲಿ ಒಂದೂ ಇಲ್ವಾ?"

"ಹಾಗಲ್ಲಮ್ಮ, ಮೇಲೆ ಚಾವಣಿ ಹಾಕಿರ್ತಾರೆ. ಮಳೆಗೆ ಮರ ನೆನೀಬಾರ್ದು ಅಂತ."

"ದಿನಾ ಹೊಳೇಲಿ ಕಾಲಿಟ್ಕೊಂಡು ನಿಂತಿರೋದಕ್ಕೆ ತಲೆ ಮೇಲೆ ಕೊಡೆನಾ?"

೨. ಬಲಗಡೆ

ಸ್ಟಿಯರಿಂಗ್ ಬಿಟ್ಟರೂ ಇವರು ಯಜಮಾನಿಕೆ ಬಿಟ್ಟಿರಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು ಇಲ್ಲದ ಬ್ರೇಕು ತುಳಿಯುತ್ತಿದ್ದರು. ಒಂದು ಹಳ್ಳಿಯ ಕ್ರಾಸಿನಲ್ಲಿ ಕಾರು ನಿಲ್ಲಿಸಿದೆ. "ಬಲಗಡೆ ಕ್ಲಿಯರ್, ಹೋಗು ಹೋಗು" ಅಂದರು, ಹಳೇ ಅಭ್ಯಾಸ. ನಾನೂ ಪೆದ್ದಿಯ ಹಾಗೆ ನಂಬಿ ಮುಂದೆ ಸರಿಸಿದೆ. ಬಲಗಡೆಯಿಂದಲೇ ದಿಮ್ಮಿ ಹೇರಿದ ಲಾರಿಯೊಂದು ಹಾರ್ನ್ ಬಾರಿಸುತ್ತಾ ಬಂತು. ಗಕ್ಕನೆ ಬ್ರೇಕ್ ಒತ್ತಿದೆ.

"ಇದೇನ್ರೀ ಕ್ಲಿಯರ್ ಅಂದ್ರೆ?"

ಅವರು ಇಲ್ಲದ ಬ್ರೇಕಿನ ಮೇಲಿಂದ ಕಾಲೆತ್ತಿದರು. "ನಂಗೆ ಕಂಡಷ್ಟು ಕ್ಲಿಯರ್ ಇತ್ತು ಕಣೇ."

೩. ಮೊಣಕೈ

ಪ್ರತಿ ಸೇತುವೆಯ ಮುಂದೂ ನನ್ನನ್ನು ಒಂದು ಪಕ್ಕಕ್ಕೆ ನಿಲ್ಲಿಸಿ ಫೋಟೋ ತೆಗೆದರು. ಆಮೇಲೆ ನೋಡಿದರೆ ಮಧ್ಯದಲ್ಲಿ ಸೇತುವೆ ನೆಟ್ಟಗಿದೆ, ನನ್ನದು ಮಾತ್ರ ಒಂದರಲ್ಲಿ ಅರ್ಧ ಜಾಕೆಟ್ಟು, ಇನ್ನೊಂದರಲ್ಲಿ ಬರೀ ಮೊಣಕೈ. ಅಂಚಿನಲ್ಲಿ ನಿಂತ ನಾನು ಅವರಿಗೆ ಕಾಣುತ್ತಲೇ ಇರಲಿಲ್ಲ. ಚೆನ್ನಾಗಿದೆ ಅಂದುಬಿಟ್ಟೆ. ಅವರು ಅಷ್ಟನ್ನೂ ಅಮ್ಮನಿಗೆ ಕಳಿಸಿಬಿಟ್ಟರು.

ಬೆಳಿಗ್ಗೆ ನಾವು ತಂಗಿದ್ದ ಮೋಟೆಲ್ಲಿನಲ್ಲಿರುವಾಗಲೇ ಅತ್ತೆಯ ಕಾಲ್ ಬಂತು. "ಏನಮ್ಮಾ, ಜಗಳಾನಾ? ಒಂದರಲ್ಲೂ ನೀನು ಪೂರ್ತಿ ಇಲ್ಲ. ಅವನಿಗೇನು ಕಣ್ಣು ಕಾಣಲ್ವಾ?"

ಫೋನು ಸ್ಪೀಕರಿನಲ್ಲಿತ್ತು. ಹಲ್ಲುಜ್ಜುತ್ತಿದ್ದ ಇವರು ಬ್ರಷ್ ಹಿಡಿದ ಕೈಯಲ್ಲೇ ಹೇಳಬೇಡ ಅಂತ ಸನ್ನೆ ಮಾಡಿದರು. "ಸೈಡ್ ಪೋಸ್ ಅತ್ತೆ, ಈಗ ಇದೇ ಫ್ಯಾಶನ್ನು" ಅಂದೆ.

"ಮೊಣಕೈದಾ?" ಅಂದರು ಅತ್ತೆ.

೪. ಪಟ್ಟಿಯ ಕೊನೆಯದು

ಕೊನೆಯ ಸೇತುವೆಗೆ ಹೋದಾಗ ಜಿಟಿಜಿಟಿ ಮಳೆ. ಇಬ್ಬರೂ ಒಳಗೆ ನಿಂತೆವು. ಸುತ್ತ ಕತ್ತಲು, ಆಚೆ ತುದಿಯಲ್ಲಿ ತಟ್ಟೆಯಷ್ಟು ಬೆಳಕು.

"ನೋಡು, ನಂಗೀಗ ಎಲ್ಲಾ ಹೀಗೇ ಕಾಣೋದು" ಅಂದರು.

ಅಷ್ಟು ದಿನ ತಡೆದುಕೊಂಡಿದ್ದ ಅಳು ಅಲ್ಲಿ ಬಂದುಬಿಟ್ಟಿತು. ಇವರಿಗೆ ಸಮಾಧಾನ ಮಾಡುವುದು ಯಾವತ್ತೂ ಬಂದದ್ದಿಲ್ಲ. ಕ್ಯಾಮರಾ ಎತ್ತಿಕೊಂಡರು. "ಪಕ್ಕದಲ್ಲಿ ನಿಲ್ಬೇಡ, ಮಧ್ಯಕ್ಕೆ ಬಾ. ಇನ್ನೂ ಹತ್ರ. ನೀನು ಪೂರ್ತಿ ಕಾಣ್ಬೇಕು, ಸೇತುವೆ ಹೋದ್ರೆ ಹೋಗ್ಲಿ."

ಫೋಟೋದ ತುಂಬಾ ನಾನೇ. ಕೆಂಪು ಮೂಗು, ಕೆದರಿದ ಕೂದಲು. ಒಂದು ಹಲಗೆಯೂ ಕಾಣುತ್ತಿರಲಿಲ್ಲ. ಇಡೀ ಟ್ರಿಪ್ಪಿಗೆ ಇದೇ ಬೆಸ್ಟು ಅಂತ ಅದನ್ನೂ ಮೈಸೂರಿಗೆ ಕಳಿಸಿದರು.

ತಕ್ಷಣ ಕಾಲ್ ಬಂತು. "ಈ ಸಲ ಪೂರ್ತಿ ಇದೀಯಮ್ಮ. ಸೇತುವೆ ಎಲ್ಲಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ಫೋನು ಕಸಿದುಕೊಂಡರು.

"ಮುಚ್ಚಿದ ಸೇತುವೆ ಅಂದಿದ್ನಲ್ಲಮ್ಮ. ನಿನ್ನ ಸೊಸೆ ಮುಚ್ಚಿದಾಳೆ."